ಮೂರನೆಯ ತಲೆಮಾರಿಗೆ ಅಂಗಡಿಯನ್ನು ಯಾವ ರೂಪದಲ್ಲಿ ಒಪ್ಪಿಸಬೇಕು? ಅವಿಭಕ್ತ ಕುಟುಂಬ, ಪಾಲುದಾರಿಕೆ, ಎಲ್‌ಎಲ್‌ಪಿ, ಕಂಪನಿ, ಟ್ರಸ್ಟ್: ಒಂದು ಹೋಲಿಕೆ

ದಾವಣಗೆರೆ ಕಡೆಯ ಒಂದು ಜವಳಿ ಅಂಗಡಿಯ ಪಾಲುದಾರಿಕೆ ಪತ್ರವನ್ನು ಓದುವ ಸಂದರ್ಭ ಕೆಲವು ವರ್ಷಗಳ ಹಿಂದೆ ನನಗೆ ಒದಗಿತ್ತು. ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ ಅಣ್ಣ, ತಮ್ಮ ಇಬ್ಬರೇ ಸಹಿ ಹಾಕಿದ್ದ ಆ ಪತ್ರದಲ್ಲಿ, ಲಾಭವನ್ನು ಎಂಟಾಣೆ-ಎಂಟಾಣೆ ಹಂಚಿಕೊಳ್ಳುವುದರಿಂದ ಹಿಡಿದು ದೀಪಾವಳಿಯ ಲಕ್ಷ್ಮೀಪೂಜೆಯ ಖರ್ಚನ್ನು ಯಾವ ಖಾತೆಗೆ ಬರೆಯಬೇಕು ಎಂಬುದರವರೆಗೆ ಎಲ್ಲವೂ ಇತ್ತು. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಮುಂದೇನು ಎಂಬ ಒಂದು ಕಲಂ ಮಾತ್ರ ಇರಲಿಲ್ಲ. ಶುಭಕಾರ್ಯದ ಕಾಗದದಲ್ಲಿ ಸಾವಿನ ಮಾತು ಬೇಡವೆಂದು ಹಿರಿಯರು ಬಿಡಿಸಿದ್ದರಂತೆ. ಅಣ್ಣ ತೀರಿಕೊಂಡಾಗ ಶಿವಗಣಾರಾಧನೆ ಮುಗಿಯುವ ಮೊದಲೇ ಬ್ಯಾಂಕು ಸಿಸಿ (ಕ್ಯಾಶ್ ಕ್ರೆಡಿಟ್, ದಿನದ ವ್ಯಾಪಾರಕ್ಕೆ ಸಾಲ ಎತ್ತುವ) ಖಾತೆಯ ವಹಿವಾಟನ್ನು ನಿಲ್ಲಿಸಿತು. ಸೂರತ್‌ನಿಂದ ಬಂದ ಸೀರೆಯ ಗಂಟುಗಳು ಹಣ ಕಟ್ಟದೆ ಲಾರಿ ಆಫೀಸಿನಲ್ಲೇ ಉಳಿದವು. ವ್ಯಾಪಾರದಲ್ಲಿ ನಷ್ಟವಿರಲಿಲ್ಲ, ಮನೆಯಲ್ಲಿ ಜಗಳವೂ ಇರಲಿಲ್ಲ.

ಬ್ಯಾಂಕಿನವರು ಮಾಡಿದ್ದು ಕಾನೂನಿಗೆ ಅನುಗುಣವಾಗಿಯೇ ಇತ್ತು. 1932ರ ಪಾಲುದಾರಿಕೆ ಕಾಯ್ದೆಯ 42ನೆಯ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಪಾಲುದಾರನೊಬ್ಬನ ಸಾವಿನೊಂದಿಗೆ ಸಂಸ್ಥೆಯೂ ವಿಸರ್ಜನೆಯಾಗುತ್ತದೆ. ಇಬ್ಬರೇ ಪಾಲುದಾರರಿದ್ದಲ್ಲಿ ಪತ್ರದಲ್ಲಿ ಏನು ಬರೆದಿದ್ದರೂ ಅದು ಉಳಿಯದು, ಏಕೆಂದರೆ ಒಬ್ಬನೇ ಸೇರಿ ಪಾಲುದಾರಿಕೆ ಆಗುವುದಿಲ್ಲ. ಮೂರನೆಯ ಸಹಿಯೊಂದು ಇದ್ದು, ಉಳಿದವರು ಮುಂದುವರಿಸಬಹುದೆಂಬ ಒಂದು ಸಾಲೂ ಇದ್ದಿದ್ದರೆ ಆ ಅಂಗಡಿಯ ಆರು ತಿಂಗಳ ಪರದಾಟ ತಪ್ಪುತ್ತಿತ್ತು.

ಕುಟುಂಬದ ವ್ಯಾಪಾರ ಮೂರನೆಯ ತಲೆಮಾರಿಗೆ ಉಳಿಯುವುದಿಲ್ಲ ಎಂಬ ಮಾತಿನ ಜೊತೆಗೆ ಶೇ 13 ಎಂಬ ಅಂಕಿಯನ್ನು ಭಾಷಣಗಳಲ್ಲಿ ಪದೇ ಪದೇ ಕೇಳುತ್ತೇವೆ. ಅದು ಅಮೆರಿಕದ ಇಲಿನಾಯ್ ರಾಜ್ಯದ ಸುಮಾರು 200 ತಯಾರಿಕಾ ಕಂಪನಿಗಳನ್ನು ನೋಡಿ 1987ರಲ್ಲಿ ಪ್ರಕಟಿಸಿದ ಲೆಕ್ಕ. ಚಿಕ್ಕಪೇಟೆಯ ಸೀರೆ ಅಂಗಡಿಗೂ ಶಿರಸಿಯ ಅಡಿಕೆ ಮಂಡಿಗೂ ಉಡುಪಿಯವರ ಹೋಟೆಲಿಗೂ ಅದನ್ನು ಅನ್ವಯಿಸಲು ಆಧಾರವಿಲ್ಲ. ಆದ್ದರಿಂದ ನಾನು ಅದನ್ನು ಇಲ್ಲಿಗೇ ಬಿಡುತ್ತೇನೆ. ಹೋಲಿಕೆಗೆ ನಾನು ಬಳಸುವ ಅಳತೆಗೋಲು ಬೇರೆ. ಯಜಮಾನರು ತೀರಿಕೊಂಡ ಮರುದಿನ, ಅಥವಾ ಮನೆಯ ಒಬ್ಬರು "ನನ್ನ ಪಾಲು ಕೊಡಿ, ನಾನು ಹೊರಡುತ್ತೇನೆ" ಎಂದ ಮರುದಿನ, ಅಂಗಡಿಯ ಬಾಗಿಲು ತೆರೆಯುತ್ತದೆಯೇ, ಚೆಕ್ಕಿಗೆ ಸಹಿ ಹಾಕುವವರು ಯಾರು, ಹೊರಡುವವರಿಗೆ ಕೊಡಬೇಕಾದ ಹಣ ಎಷ್ಟೆಂದು ಯಾರು ನಿರ್ಧರಿಸುತ್ತಾರೆ? ತೆರಿಗೆಯ ಉಳಿತಾಯ ಇವುಗಳ ನಂತರದ ವಿಚಾರ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿರುವುದರಿಂದ ಆಸ್ತಿ ಮಕ್ಕಳಿಗೆ ಹೋಗುವಾಗ ಸಾವಿನ ತೆರಿಗೆಯ ಭಯವೂ ನಮಗಿಲ್ಲ.

ಮೊದಲು ನೆಲ, ಆಮೇಲೆ ವ್ಯಾಪಾರ

ಯಾವ ರೂಪವನ್ನು ಆರಿಸಿಕೊಂಡರೂ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ: ಅಂಗಡಿ ನಿಂತಿರುವ ಕಟ್ಟಡ ಯಾರದು, ಅಂಗಡಿಯೊಳಗಿನ ವ್ಯಾಪಾರ ಯಾರದು ಎಂಬುದನ್ನು ಕಾಗದದ ಮೇಲೆ ಬೇರೆ ಮಾಡಬೇಕು. ಹಳೆಯ ಪೇಟೆಗಳಲ್ಲಿ ಲಾಭದಲ್ಲಿದ್ದ ಅಂಗಡಿಗಳೂ ಮುಚ್ಚುತ್ತವೆ, ಮತ್ತು ಬಹಳ ಸಲ ಅದಕ್ಕೆ ಕಾರಣ ಅಂಗಡಿಯ ಕೆಳಗಿನ ನೆಲದ ಬೆಲೆ. ಅಜ್ಜ ಕೊಂಡ ಇಪ್ಪತ್ತು ಅಡಿ ಅಗಲದ ಮಳಿಗೆಗೆ ಇಂದು ಬರಬಹುದಾದ ಬಾಡಿಗೆ, ಅದರಲ್ಲಿ ಮೊಮ್ಮಗ ಬೆಳಗಿನಿಂದ ರಾತ್ರಿಯವರೆಗೆ ನಿಂತು ದುಡಿಯುವ ಲಾಭಕ್ಕಿಂತ ಹೆಚ್ಚಾಗಿರುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರದ ಚಿಕ್ಕಪ್ಪನ ಮಕ್ಕಳಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ, ಮತ್ತು ಅವರು ಕೇಳುವುದು ಅನ್ಯಾಯವೂ ಅಲ್ಲ. ಕಟ್ಟಡಕ್ಕೂ ವ್ಯಾಪಾರಕ್ಕೂ ಒಂದೇ ಲೆಕ್ಕವಿದ್ದರೆ, ನೆಲದ ಪಾಲಿಗಾಗಿ ಹೂಡಿದ ವಿಭಾಗದ ದಾವೆ ವ್ಯಾಪಾರವನ್ನೂ ಎಳೆದುಕೊಂಡು ಹೋಗುತ್ತದೆ. ಹಂಚಲು ಅನುಕೂಲವಿಲ್ಲದ ಆಸ್ತಿಯನ್ನು ಮಾರಿ ಹಣ ಹಂಚುವಂತೆ ಹೇಳುವ ಅಧಿಕಾರ 1893ರ ವಿಭಾಗ ಕಾಯ್ದೆಯಡಿ ನ್ಯಾಯಾಲಯಕ್ಕಿದೆ. ಕಟ್ಟಡವನ್ನು ಎಲ್ಲ ಕವಲುಗಳ ಹೆಸರಿನಲ್ಲಿ ಇಟ್ಟು, ವ್ಯಾಪಾರ ನಡೆಸುವವರು ಅದಕ್ಕೆ ಪೇಟೆಯ ದರಕ್ಕೆ ಹತ್ತಿರವಾದ ಬಾಡಿಗೆಯನ್ನು ಕರಾರು ಮಾಡಿಕೊಂಡು ಕಟ್ಟುತ್ತ ಬಂದರೆ, ದುಡಿಯದವರಿಗೂ ಅವರ ಪಾಲು ಸಲ್ಲುತ್ತದೆ. ವ್ಯಾಪಾರಕ್ಕೆ ನಿಜವಾಗಿ ಲಾಭವಿದೆಯೇ ಎಂಬುದೂ ತಿಳಿಯುತ್ತದೆ. ಬಾಡಿಗೆ ಕಟ್ಟಿದ ಮೇಲೆ ಏನೂ ಉಳಿಯದ ವ್ಯಾಪಾರವನ್ನು ಪರಂಪರೆಯ ಹೆಸರಿನಲ್ಲಿ ಎಳೆಯುತ್ತಿದ್ದೇವೆಂಬ ಸತ್ಯ ಕೆಲವು ಮನೆಗಳಿಗೆ ಆಗಲೇ ಗೊತ್ತಾಗುವುದು.

ಅವಿಭಕ್ತ ಕುಟುಂಬ

ಹಿಂದೂ ಅವಿಭಕ್ತ ಕುಟುಂಬದ ವ್ಯಾಪಾರಕ್ಕೆ ಪತ್ರವೂ ಬೇಡ, ನೋಂದಣಿಯೂ ಬೇಡ. ಕರ್ತ ಎನ್ನಿಸಿಕೊಂಡ ಹಿರಿಯರ ಸಹಿಯೇ ಸಾಕು. ಆದಾಯ ತೆರಿಗೆಯಲ್ಲಿ ಇದು ಪ್ರತ್ಯೇಕ ಘಟಕವಾದ್ದರಿಂದ ಆಡಿಟರುಗಳೂ ಇದನ್ನು ಸೂಚಿಸುವುದುಂಟು. ಸಾವಿನ ಪರೀಕ್ಷೆಯಲ್ಲಿ ಇದು ಒಂದು ಮಟ್ಟಿಗೆ ಗೆಲ್ಲುತ್ತದೆ, ಏಕೆಂದರೆ ಕರ್ತ ಹೋದರೆ ಮುಂದಿನ ಹಿರಿಯರು ಕರ್ತರಾಗುತ್ತಾರೆ, ಕುಟುಂಬ ಹಾಗೆಯೇ ಇರುತ್ತದೆ. ಹೊರಡುವವರ ಪರೀಕ್ಷೆಯಲ್ಲಿ ಮಾತ್ರ ಇದು ಪೂರ್ತಿ ಸೋಲುತ್ತದೆ. ಯಾವ ಸಹದಾಯಾದಿಯಾದರೂ, ಅಂದರೆ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲುಳ್ಳ ಸದಸ್ಯರಾದರೂ, ಯಾವಾಗ ಬೇಕಾದರೂ ವಿಭಾಗ ಕೇಳಬಹುದು, ಮತ್ತು ಅವರಿಗೆ ಕೊಡಬೇಕಾದ ಬೆಲೆಯನ್ನು ಮೊದಲೇ ನಿಗದಿ ಮಾಡಿಟ್ಟ ಕಾಗದ ಯಾವುದೂ ಇರುವುದಿಲ್ಲ. ಒಬ್ಬರ ಪಾಲನ್ನಷ್ಟೇ ಕೊಟ್ಟು ಉಳಿದವರು ಒಟ್ಟಿಗಿರುವ ಭಾಗಶಃ ವಿಭಾಗವನ್ನು ಆದಾಯ ತೆರಿಗೆ ಕಾನೂನು 1978ರ ಡಿಸೆಂಬರ್ 31ರ ನಂತರ ಮಾನ್ಯ ಮಾಡುವುದಿಲ್ಲ.

ಇದರ ಜೊತೆಗೆ ಎರಡು ತಪ್ಪು ತಿಳಿವಳಿಕೆಗಳು ಇನ್ನೂ ಚಾಲ್ತಿಯಲ್ಲಿವೆ. ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿದ ಅಂಗಡಿ ಅವರ ನಂತರ ತಾನಾಗಿಯೇ ಅವಿಭಕ್ತ ಕುಟುಂಬದ್ದಾಗುತ್ತದೆ ಎಂದು ಅನೇಕರು ನಂಬಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೆಯ ಕಲಮಿನಂತೆ ಮಗನಿಗೆ ಬಂದ ಆಸ್ತಿ ಅವನ ಪ್ರತ್ಯೇಕ ಆಸ್ತಿಯೆಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ. ಉಯಿಲು ಇಲ್ಲದಿದ್ದರೆ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮಪಾಲಿನ ವಾರಸುದಾರರು. ಎರಡನೆಯದು ಹೆಣ್ಣುಮಕ್ಕಳ ವಿಚಾರ. ಕರ್ನಾಟಕ 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಸಹದಾಯಾದಿ ಹಕ್ಕನ್ನು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. "ಮದುವೆಯಲ್ಲಿ ಕೊಟ್ಟಾಯಿತಲ್ಲ" ಎಂಬ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ಕರಾವಳಿಯಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ. ಹೆಣ್ಣಿನ ಕವಲಿನಲ್ಲಿ ಆಸ್ತಿ ಸಾಗುತ್ತಿದ್ದ ಅಳಿಯಸಂತಾನದ ಕುಟುಂಬಗಳಲ್ಲಿ, ಸದಸ್ಯರೊಬ್ಬರು ತೀರಿಕೊಂಡಾಗ ಅವರ ಅವಿಭಕ್ತ ಹಿತಾಸಕ್ತಿ 1956ರ ಕಾಯ್ದೆಯಂತೆ ಉಯಿಲಿನಿಂದಲೋ ವಾರಸಿನಿಂದಲೋ ಹೋಗುತ್ತದೆ, ಹಳೆಯ ಕಟ್ಟಿನಂತೆ ಅಲ್ಲ. ತರವಾಡು ಮನೆಯ (ಕುಟುಂಬದ ಮೂಲಮನೆಯ) ಯಜಮಾನರ ಮಾತಿನ ಮೇಲೆ ನಡೆಯುತ್ತಿರುವ ವ್ಯಾಪಾರಗಳು ಇದನ್ನು ಪರಿಶೀಲಿಸಿಕೊಳ್ಳುವುದು ಒಳ್ಳೆಯದು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗಂತೂ ಅವಿಭಕ್ತ ಕುಟುಂಬದ ದಾರಿಯೇ ಇಲ್ಲ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲಿನಿಂದ ಕೊಡಬಹುದಾದದ್ದು ಮೂರನೆಯ ಒಂದು ಭಾಗ ಮಾತ್ರ. ಹೀಗಾಗಿ ಅವರಿಗೆ ಮುಂದಿನ ರೂಪಗಳ ಅಗತ್ಯ ಇನ್ನೂ ಹೆಚ್ಚು.

ಹೊಸದಾಗಿ ಯೋಚಿಸುವವರಿಗೆ ನನ್ನ ಅಭಿಪ್ರಾಯ ನೇರವಾಗಿದೆ. ಮನೆ, ಠೇವಣಿ, ಬಾಡಿಗೆಯ ಆಸ್ತಿಗೆ ಅವಿಭಕ್ತ ಕುಟುಂಬ ಇರಲಿ. ಸಾಲ ಮಾಡಿ ನಡೆಸುವ ವ್ಯಾಪಾರಕ್ಕೆ ಬೇಡ.

ಪಾಲುದಾರಿಕೆಯೋ ಎಲ್‌ಎಲ್‌ಪಿಯೋ?

ಸಾಮಾನ್ಯ ಪಾಲುದಾರಿಕೆಯ ದೊಡ್ಡ ಗುಣ ಅದರ ಸರಳತೆ. ದೊಡ್ಡ ದೋಷ, ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನ ಮನೆ-ಮಠವೂ ಹೊಣೆಯಾಗುವುದು. ತಮ್ಮ ಸಹಿ ಹಾಕಿದ ಸಾಲಕ್ಕೆ ಅಣ್ಣನ ಮನೆ ಹರಾಜಿಗೆ ಬರಬಹುದು. ನೋಂದಣಿ ಮಾಡಿಸದ ಸಂಸ್ಥೆ ತನ್ನ ಬಾಕಿ ವಸೂಲಿಗೆ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ ಎಂಬುದನ್ನು, ಉದ್ದರಿ ಕೊಡುವ ವ್ಯಾಪಾರಿಗಳೇ ಎಷ್ಟೋ ಮಂದಿ ಮರೆತಿರುತ್ತಾರೆ.

ಸೀಮಿತ ಹೊಣೆಯ ಪಾಲುದಾರಿಕೆ ಎಂದು 2008ರ ಕಾಯ್ದೆಯಿಂದ ಬಂದ ಎಲ್‌ಎಲ್‌ಪಿ ಈ ದೋಷವನ್ನು ತಿದ್ದುತ್ತದೆ. ಹೊಣೆ ಹಾಕಿದ ಬಂಡವಾಳಕ್ಕೆ ಸೀಮಿತ, ಪಾಲುದಾರರು ಬಂದರೂ ಹೋದರೂ ಸಂಸ್ಥೆ ಶಾಶ್ವತ, ಒಳಗಿನ ಕಟ್ಟುಕಟ್ಟಳೆಯನ್ನು ಕುಟುಂಬವೇ ಒಪ್ಪಂದದಲ್ಲಿ ಬರೆದುಕೊಳ್ಳಬಹುದು. ವರ್ಷಕ್ಕೆ ಎರಡು ವಿವರಣೆಗಳನ್ನು ಸಲ್ಲಿಸಬೇಕು. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ರೂಪಾಯಿ ಮೀರಿದರೆ ಮಾತ್ರ ಎಲ್‌ಎಲ್‌ಪಿ ಕಾಯ್ದೆಯಡಿ ಲೆಕ್ಕಪರಿಶೋಧನೆ ಕಡ್ಡಾಯ. ಹಳೆಯ ಪಾಲುದಾರಿಕೆಯನ್ನು ಎಲ್‌ಎಲ್‌ಪಿಯಾಗಿ ಪರಿವರ್ತಿಸಲೂ ಅವಕಾಶವಿದೆ, ಆದರೆ ಪರಿವರ್ತನೆಯಾಗುವಾಗ ಹಳೆಯ ಪಾಲುದಾರರೆಲ್ಲರೂ, ಅವರಷ್ಟೇ, ಹೊಸದರಲ್ಲಿ ಇರಬೇಕು.

ಇಲ್ಲಿ ಎಚ್ಚರ ವಹಿಸಬೇಕಾದ ಜಾಗ ಒಂದಿದೆ, ಮತ್ತು ಅದು ವಿಧವೆಯರಿಗೆ ನೇರವಾಗಿ ತಟ್ಟುವಂಥದು. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ತೀರಿಕೊಂಡ ಪಾಲುದಾರನ ವಾರಸುದಾರರಿಗೆ ಸಿಗುವುದು ಅವರು ನಿಜವಾಗಿ ಹಾಕಿದ್ದ ಬಂಡವಾಳ ಮತ್ತು ಆ ದಿನದವರೆಗೆ ಕೂಡಿದ ಲಾಭದ ಪಾಲು. ಮೂವತ್ತು ವರ್ಷ ದುಡಿದು ಕಟ್ಟಿದ ಹೆಸರಿನ ಬೆಲೆ, ಅಂದರೆ ಗುಡ್‌ವಿಲ್ ಆ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆಡಳಿತದಲ್ಲಿ ಕೂರುವ ಹಕ್ಕೂ ತಾನಾಗಿ ಬರುವುದಿಲ್ಲ. ಅಂತರ್ಜಾಲದಿಂದ ಇಳಿಸಿಕೊಂಡ ಸಿದ್ಧ ಒಪ್ಪಂದಕ್ಕೆ ಹೆಸರು ತುಂಬಿಸಿ ಸಹಿ ಹಾಕುವವರು ಈ ಬಲೆಗೆ ಬೀಳುತ್ತಾರೆ. ತೀರಿಕೊಂಡವರ ಅಥವಾ ಹೊರಡುವವರ ಪಾಲಿಗೆ ಬೆಲೆ ಕಟ್ಟುವ ಸೂತ್ರ, ಅದನ್ನು ಎಷ್ಟು ಕಂತುಗಳಲ್ಲಿ ಕೊಡಬೇಕು, ವಾರಸುದಾರರಲ್ಲಿ ಯಾರು ಒಳಬರಬಹುದು ಎಂಬ ಮೂರು ಕಲಮುಗಳಿಗಾಗಿ ವಕೀಲರಿಗೆ ಕೊಡುವ ಶುಲ್ಕ ದಂಡವಲ್ಲ. ಕಂತಿನ ಮಾತು ಮುಖ್ಯ, ಏಕೆಂದರೆ ಒಂದೇ ಗಂಟಿನಲ್ಲಿ ಕೊಡಲು ಹೋದರೆ ಸರಕು ತುಂಬುವ ಹಣವೇ ಖಾಲಿಯಾಗುತ್ತದೆ.

ತೆರಿಗೆಯಲ್ಲಿ ಪಾಲುದಾರಿಕೆಗೂ ಎಲ್‌ಎಲ್‌ಪಿಗೂ ಲಾಭದ ಮೇಲೆ ಶೇ 30ರ ದರ, ಜೊತೆಗೆ ಸೆಸ್. ಆಮೇಲೆ ಪಾಲುದಾರರ ಕೈಗೆ ಬಂದ ಲಾಭಕ್ಕೆ ಮತ್ತೆ ತೆರಿಗೆಯಿಲ್ಲ.

ಪ್ರೈವೇಟ್ ಲಿಮಿಟೆಡ್ ಕಂಪನಿ

ಕಂಪನಿಯಲ್ಲಿ ಮೂರು ಪಾತ್ರಗಳು ತಾವಾಗಿಯೇ ಬೇರೆಯಾಗುತ್ತವೆ: ಒಡೆತನ ಷೇರಿನಲ್ಲಿ, ಆಡಳಿತ ನಿರ್ದೇಶಕ ಮಂಡಳಿಯಲ್ಲಿ, ದುಡಿಮೆಯ ಪ್ರತಿಫಲ ಸಂಬಳದಲ್ಲಿ. ಪಾಲುದಾರಿಕೆಯಲ್ಲಿ ಈ ಮೂರೂ ಒಂದೇ ಬಂಡವಾಳ ಖಾತೆಯೊಳಗೆ ಕಲಸಿಹೋಗಿರುತ್ತವೆ, ಮತ್ತು ಹಬ್ಬಕ್ಕೆ ಸೇರಿದ ಮನೆಯಲ್ಲಿ ಎದ್ದೇಳುವ ಅಸಮಾಧಾನದ ಬಹುಪಾಲು ಆ ಕಲಸಾಟದಿಂದ ಹುಟ್ಟಿದ್ದೇ ಆಗಿರುತ್ತದೆ. ದುಡಿಯುವ ಮಗಳಿಗೆ ಸಂಬಳ, ದುಡಿಯದ ಮಗನಿಗೆ ಡಿವಿಡೆಂಡ್ ಎಂದು ಬೇರೆ ಬೇರೆಯಾಗಿ ಬರೆದಾಗ ಯಾರಿಗೆ ಯಾವುದಕ್ಕಾಗಿ ಎಷ್ಟು ಸಂದಿತು ಎಂಬುದರಲ್ಲಿ ಗೊಂದಲ ಉಳಿಯುವುದಿಲ್ಲ. ಶೇ 22ರ ತೆರಿಗೆ ದರವನ್ನು ಆರಿಸಿಕೊಳ್ಳುವ ಅವಕಾಶ ಕಂಪನಿಗಿದೆ, ಆದರೆ ಡಿವಿಡೆಂಡ್ ಕೈಗೆ ಬಂದಾಗ 2020ರ ಏಪ್ರಿಲ್‌ನಿಂದ ಷೇರುದಾರರು ಮತ್ತೆ ತೆರಿಗೆ ಕಟ್ಟಬೇಕು. ಲಾಭವನ್ನು ವ್ಯಾಪಾರದಲ್ಲೇ ಬಿಡುವ ಮನೆಗೆ ಕಂಪನಿ ಅನುಕೂಲ, ಪ್ರತಿವರ್ಷ ಮನೆಗೆ ಒಯ್ಯುವವರಿಗೆ ಎಲ್‌ಎಲ್‌ಪಿ ಅನುಕೂಲ.

ಕಂಪನಿ ಮಾಡಿಕೊಂಡವರು ಕಲಿಯಬೇಕಾದ ಪಾಠ ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪಿನಲ್ಲಿದೆ. 1992ರಲ್ಲಿ ವರದಿಯಾದ ರಂಗರಾಜ್ ಪ್ರಕರಣವೂ ಒಂದು ಕುಟುಂಬದ ಕಂಪನಿಯದೇ. ಎರಡು ಕವಲುಗಳಲ್ಲೂ ಸಮ ಷೇರುಗಳಿರಬೇಕು, ಮಾರುವವರು ಮೊದಲು ತಮ್ಮ ಕವಲಿನವರಿಗೇ ಕೊಡಬೇಕು ಎಂದು ಆ ಮನೆಯಲ್ಲಿ ಮಾತಾಗಿತ್ತು. ಒಬ್ಬರು ಇನ್ನೊಂದು ಕವಲಿಗೆ ಮಾರಿದರು. ಆ ಮಾತು ಕಂಪನಿಯ ಅಂತರ್ನಿಯಮಗಳಲ್ಲಿ (ಆರ್ಟಿಕಲ್ಸ್ ಆಫ್ ಅಸೋಸಿಯೇಷನ್) ಬರೆದಿರದ ಕಾರಣ ಅದು ಕಂಪನಿಯನ್ನಾಗಲಿ ಷೇರುದಾರರನ್ನಾಗಲಿ ಕಟ್ಟಿಹಾಕದು ಎಂದು ನ್ಯಾಯಾಲಯ ಹೇಳಿತು. ಕುಟುಂಬದ ಒಪ್ಪಂದದ ಪ್ರತಿಯೊಂದು ಷೇರು ವರ್ಗಾವಣೆಯ ಷರತ್ತೂ ಅಂತರ್ನಿಯಮಕ್ಕೆ ಏರಲೇಬೇಕು. ಹಾಗೆಯೇ ಷೇರಿಗೆ ನಾಮಿನಿ ಬರೆದುಬಿಟ್ಟರೆ ಉಯಿಲು ಬೇಡ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ನಾಮಿನಿ ಷೇರಿನ ಪೂರ್ಣ ಒಡೆಯನಲ್ಲ, ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ ಎಂದು 2023ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿದೆ.

ಸಣ್ಣ ಪಾಲಿನವರಿಗೆ ಕಂಪನಿ ಒಂದು ಸೆರೆಮನೆಯೂ ಆಗಬಹುದು. ಶೇ 12ರ ಷೇರು ಕೈಯಲ್ಲಿದ್ದು, ಡಿವಿಡೆಂಡೂ ಇಲ್ಲದೆ, ಕೊಳ್ಳುವವರೂ ಇಲ್ಲದೆ ಕೂರುವ ಸೋದರಿಯರಿದ್ದಾರೆ. ಶೇ 10ರಷ್ಟು ಷೇರಿದ್ದವರು ದಬ್ಬಾಳಿಕೆ ಮತ್ತು ದುರಾಡಳಿತದ ದೂರನ್ನು ಕಂಪನಿ ನ್ಯಾಯಮಂಡಳಿಗೆ ಒಯ್ಯಬಹುದು, ಆದರೆ ಅಲ್ಲಿಗೆ ಹೋದ ಮನೆ ಮತ್ತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ನಾನು ನೋಡಿಲ್ಲ. ಇನ್ನು, ಸೀಮಿತ ಹೊಣೆ ಎಂಬುದನ್ನು ಅಕ್ಷರಶಃ ನಂಬಬಾರದು. ಬ್ಯಾಂಕು ಸಾಲ ಕೊಡುವಾಗ ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಕೇಳಿಯೇ ಕೇಳುತ್ತದೆ, ಮತ್ತು ಆ ಸಹಿಯ ಮಟ್ಟಿಗೆ ಕಂಪನಿಯೂ ಹಳೆಯ ಪಾಲುದಾರಿಕೆಯೂ ಒಂದೇ.

ಟ್ರಸ್ಟ್, ವಿಭಾಗ, ಮಾರಾಟ

1882ರ ಕಾಯ್ದೆಯಡಿ ಮಾಡುವ ಖಾಸಗಿ ಟ್ರಸ್ಟ್ ವ್ಯಾಪಾರ ನಡೆಸಲು ಅಷ್ಟು ಹೊಂದುವುದಿಲ್ಲ; ಕಂಪನಿಯ ಷೇರುಗಳನ್ನು ಒಂದೇ ಕಡೆ ಕಟ್ಟಿಡಲು ಅದು ಒಳ್ಳೆಯ ಪೆಟ್ಟಿಗೆ. ವಿಶೇಷ ಆರೈಕೆ ಬೇಕಾದ ಮಗುವಿರುವ ಮನೆಗೆ, ಮಕ್ಕಳೆಲ್ಲ ಹೊರದೇಶದಲ್ಲಿರುವ ಮನೆಗೆ ಇದನ್ನು ಯೋಚಿಸಬಹುದು. ಫಲಾನುಭವಿಗಳ ಪಾಲು ನಿಗದಿಯಾಗದ ಟ್ರಸ್ಟಿಗೆ ಸಾಮಾನ್ಯವಾಗಿ ಗರಿಷ್ಠ ದರದ ತೆರಿಗೆ ಬೀಳುತ್ತದೆ. ಮಧ್ಯಮ ಗಾತ್ರದ ಅಂಗಡಿಗೆ ಇದರ ಖರ್ಚು ಹೊರೆಯೇ ಸರಿ.

ವಿಭಾಗವನ್ನು ಸೋಲೆಂದು ನೋಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. "ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು" ಎಂದು ಗಾದೆಯೇ ಇರುವಾಗ, ದಾಯಾದಿತನಕ್ಕೆ ಮುಂಚಿತವಾಗಿ ವ್ಯವಸ್ಥೆ ಮಾಡುವುದು ಅಮಂಗಳ ಹೇಗಾದೀತು? 1897ರಲ್ಲಿ ಆರಂಭವಾದ ಗೋದ್ರೆಜ್ ಸಮೂಹವನ್ನು ಆ ಕುಟುಂಬ 2024ರ ಏಪ್ರಿಲ್‌ನಲ್ಲಿ ಮಾತುಕತೆಯಿಂದಲೇ ಎರಡಾಗಿ ಹಂಚಿಕೊಂಡಿತು. ಹೆಸರನ್ನು ಎರಡೂ ಕಡೆಯವರು ಉಳಿಸಿಕೊಂಡರು. ನಮ್ಮ ಮಟ್ಟದ ವ್ಯಾಪಾರಗಳಲ್ಲಿ ಜಗಳ ಬರುವುದೂ ಆ ಹೆಸರಿನ ಮೇಲೆಯೇ. ಫಲಕದ ಮೇಲಿನ ಅಜ್ಜನ ಹೆಸರನ್ನು ಯಾವ ಊರಿನಲ್ಲಿ, ಯಾವ ಸರಕಿಗೆ ಯಾರು ಬಳಸಬಹುದು ಎಂಬುದನ್ನು ಬರೆದು, ಟ್ರೇಡ್‌ಮಾರ್ಕ್ ನೋಂದಾಯಿಸಿ, ಆಮೇಲೆ ಉಳಿದದ್ದನ್ನು ಹಂಚಿಕೊಳ್ಳಬೇಕು. ಈಗಾಗಲೇ ಬಾಯಿಮಾತಿನಲ್ಲಿ ಆಗಿಹೋದ ಹಂಚಿಕೆಯನ್ನು ನೆನಪಿಗಾಗಿ ಬರೆದಿಡುವ ಪಟ್ಟಿಗೆ ನೋಂದಣಿ ಬೇಡ. ಕಾಗದವೇ ಸ್ಥಿರಾಸ್ತಿಯ ಹಕ್ಕನ್ನು ಹುಟ್ಟಿಸುವುದಾದರೆ ನೋಂದಣಿ ಬೇಕೇ ಬೇಕು.

ಮಾರಾಟದಲ್ಲೂ ಬಗೆಗಳಿವೆ. ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಣ್ಣ ಕಾಫಿ ಕ್ಲಬ್ಬಿನಿಂದ ಬೆಳೆದದ್ದು ಎಂಟಿಆರ್. 2007ರಲ್ಲಿ ಅದರ ಸಿದ್ಧ ಆಹಾರದ ಕಂಪನಿ ನಾರ್ವೆಯ ಓರ್ಕ್ಲಾಕ್ಕೆ ಸೇರಿತು. ರೆಸ್ಟೋರೆಂಟುಗಳು ಕುಟುಂಬದಲ್ಲೇ ಉಳಿದವು. ಬಂಡವಾಳ ಬೇಡುವ ಕೈಗಾರಿಕೆ ಒಂದು ಕಡೆಗೆ, ಅಡುಗೆಮನೆ ಇನ್ನೊಂದು ಕಡೆಗೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಕಥೆ ಇದಕ್ಕಿಂತ ಭಿನ್ನ: 1943ರಲ್ಲಿ ಉರಾಳರು ತೆರೆದ ಹೋಟೆಲನ್ನು 1970ರಲ್ಲಿ ಅಡಿಗರು ಕೊಂಡರು, ಈಗ ಅವರ ಮುಂದಿನ ತಲೆಮಾರು ನಡೆಸುತ್ತಿದೆ. ಕುಟುಂಬ ಬದಲಾಯಿತು, ಹೆಸರೂ ದೋಸೆಯೂ ಉಳಿದವು. ಮಕ್ಕಳಿಗೆ ಆಸಕ್ತಿಯಿಲ್ಲವೆಂದು ತಿಳಿದ ಮೇಲೂ ಶಟರ್ ಎಳೆಯುವವರೆಗೆ ಕಾಯುವ ಯಜಮಾನರು, ವ್ಯಾಪಾರ ಇನ್ನೂ ಚೆನ್ನಾಗಿರುವಾಗಲೇ ನಂಬಿಕೆಯ ಹಳೆಯ ಮ್ಯಾನೇಜರಿಗೋ ಊರಿನ ಇನ್ನೊಬ್ಬ ವ್ಯಾಪಾರಿಗೋ ಮಾರುವುದನ್ನು ಯೋಚಿಸಬೇಕು.

ಯಾರಿಗೆ ಯಾವುದು?

ಒಬ್ಬರೇ ನಡೆಸುವ ಅಂಗಡಿ, ಮುಂದುವರಿಸುವ ಮಗ ಅಥವಾ ಮಗಳು ಒಬ್ಬರೇ ಎಂದಾದರೆ ರೂಪ ಬದಲಿಸುವ ಗಡಿಬಿಡಿ ಬೇಡ. ಸ್ಪಷ್ಟವಾದ ಉಯಿಲು ಸಾಕು. ಆದರೆ ಒಡೆಯರು ತೀರಿಕೊಂಡರೆ ಜಿಎಸ್‌ಟಿ ನೋಂದಣಿಯನ್ನು ವಾರಸುದಾರರು ಹೊಸದಾಗಿಯೇ ಪಡೆಯಬೇಕು, ಖಾತೆಯಲ್ಲಿ ಉಳಿದ ತೆರಿಗೆ ಕ್ರೆಡಿಟ್ಟನ್ನು ಅರ್ಜಿ ಹಾಕಿ ವರ್ಗಾಯಿಸಿಕೊಳ್ಳಬೇಕು ಎಂಬುದು ನೆನಪಿರಲಿ. ಇಬ್ಬರು ಮೂವರು ಒಡಹುಟ್ಟಿದವರು ಸೇರಿ ದುಡಿಯುವ, ಲಾಭವನ್ನು ಮನೆಗೆ ಒಯ್ಯುವ ವ್ಯಾಪಾರಕ್ಕೆ ನಾನು ಎಲ್‌ಎಲ್‌ಪಿಯನ್ನೇ ಹೇಳುತ್ತೇನೆ. ದಾಯಾದಿಗಳ ಸಂಖ್ಯೆ ಆರನ್ನೋ ಏಳನ್ನೋ ದಾಟಿ, ಅವರಲ್ಲಿ ಅರ್ಧದಷ್ಟು ಜನ ವ್ಯಾಪಾರದಲ್ಲಿ ಇಲ್ಲ ಎಂದಾದರೆ ಕಂಪನಿ ಸರಿ. ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ, ಕಂಪನಿಯಲ್ಲಿ ವರ್ಷಕ್ಕೆ 182 ದಿನವಾದರೂ ಇಲ್ಲೇ ಇರುವ ಒಬ್ಬ ನಿರ್ದೇಶಕ, ಎಲ್‌ಎಲ್‌ಪಿಯಲ್ಲಿ 120 ದಿನವಾದರೂ ಇಲ್ಲಿರುವ ಕಾನೂನು ಪಾಲನೆಯ ಹೊಣೆ ಹೊತ್ತ ಒಬ್ಬ ನಿಯುಕ್ತ ಪಾಲುದಾರ ಇರಲೇಬೇಕು. ಊರಿನಲ್ಲಿ ಹಾಗೆ ಉಳಿಯುವವರು ಯಾರೆಂದು ಮೊದಲು ಕೇಳಿಕೊಳ್ಳಿ.

ದಾವಣಗೆರೆಯ ಆ ಅಂಗಡಿ ಈಗ ಎಲ್‌ಎಲ್‌ಪಿಯಾಗಿದೆ. ತಮ್ಮ, ಅಣ್ಣನ ಹೆಂಡತಿ, ಅಣ್ಣನ ಮಗಳು, ತಮ್ಮನ ಮಗ ಹೀಗೆ ನಾಲ್ವರು ಪಾಲುದಾರರು. ಹೊರಡುವವರಿಗೆ ಕೊಡಬೇಕಾದ ಬೆಲೆಯನ್ನು ಪ್ರತಿವರ್ಷ ಲಕ್ಷ್ಮೀಪೂಜೆಯ ದಿನ, ಆಡಿಟರ್ ಹಾಕಿಕೊಟ್ಟ ಲೆಕ್ಕದ ಮೇಲೆ, ಹೊಸ ಖಾತೆ ಪುಸ್ತಕದ ಮೊದಲ ಪುಟದಲ್ಲಿ ಅರಿಶಿನ-ಕುಂಕುಮದ ಸ್ವಸ್ತಿಕದ ಕೆಳಗೇ ಬರೆದು ನಾಲ್ವರೂ ಸಹಿ ಹಾಕುತ್ತಾರೆ. ಮುಂದಿನ ದೀಪಾವಳಿಯವರೆಗೆ ಅದೇ ಬೆಲೆ. ಮೊದಲ ವರ್ಷ ಆ ಅಂಕಿಯನ್ನು ಬರೆಯಲು ಎರಡು ತಾಸು ಹಿಡಿಯಿತಂತೆ, ಈಗ ಹತ್ತು ನಿಮಿಷ ಸಾಕು. ಕಟ್ಟಡದ ಖಾತೆ ಮಾತ್ರ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ.